ಮನೆ ವಿಮಾನದ ಹೊಸ ಪಂಖ: ಮೊದಲ ಪರೀಕ್ಷೆ ನೆಲದ ಮ್ಯಾಲೆ

ಇಚಲಕರಂಜಿ: ನಮ್ಮೂರಾಗ ಮಗ್ಗ ಅದುರಿದ್ರ ಜಾಬರ್ ಬಂದು ಬೋಲ್ಟ್ ಬಿಗೀತಾನ, ಮುಗೀತು. ಮನೆಯಲ್ಲಿ ಕಟ್ಟಿದ ವಿಮಾನದ ಪಂಖ ಆಕಾಶದಲ್ಲಿ ಅದುರಿದರೆ ಯಾವ ಜಾಬರೂ ಸಿಗಂಗಿಲ್ಲ.

ಮುಂಬೈ ಕಾಂದಿವಲಿಯಲ್ಲಿ ಮನೆ ಗಚ್ಚಿ ಮ್ಯಾಲೆ ಆರು ಸೀಟಿನ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರ ಸುದ್ದಿ ಓದಿದವರು ಇಲ್ಲಿ ಬಹಳ. ಆ ವಿಮಾನಕ್ಕೆ 2017ರಲ್ಲಿ ನೋಂದಣಿ, 2019ರಲ್ಲಿ ಪರೀಕ್ಷಾ ಹಾರಾಟದ ಪರವಾನಗಿ ಸಿಕ್ಕಿತು. ಹಾಗಾದರೆ ಮನೆಯಲ್ಲಿ ಕಟ್ಟಿದ ಸಣ್ಣ ವಿಮಾನಕ್ಕೆ ಹೊಸ ಪ್ರೊಪೆಲರ್, ಅಂದರೆ ಮೂತಿಯ ಪಂಖ, ಕೂಡಿಸಿ ಪರೀಕ್ಷಿಸುವುದು ಹೇಗೆ?

ಮೊದಲು ಮ್ಯಾಗ್ನೆಟೊ ಬಂದ್ ಮಾಡಬೇಕು. ಅದು ಚಾಲೂ ಉಳಿದರೆ ಕೈಯಿಂದ ತಿರುಗಿಸಿದರೂ ಎಂಜಿನ್ ಹೊತ್ತಿಕೊಂಡೀತು, ಕೈಯೇ ಹೋದೀತು. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, ಟಾರ್ಕ್ ಪಾನಾದಿಂದ ಬಿಗಿಯುತ್ತಾರೆ. ಆಮೇಲೆ ತುದಿಯ ಹತ್ತಿರ ಒಂದು ಸ್ಟೂಲ್ ಇಟ್ಟು ನಿಧಾನ ತಿರುಗಿಸಿ ನೋಡಬೇಕು. ಎರಡೂ ತುದಿ ಒಂದೇ ಗೆರೆಯಲ್ಲಿ ಹಾಯಬೇಕು.

ಇನ್ನು ಗಾಲಿಗೆ ಅಡ್ಡ ಕಟ್ಟಿಗೆ, ಬಾಲಕ್ಕೆ ಗಟ್ಟಿ ಹಗ್ಗ, ಪೂರ್ತಿ ಥ್ರಾಟಲ್. ಆರ್‌ಪಿಎಂ ತೀರ ಕಮ್ಮಿ ಬಂದರೆ ಪಂಖದ ಪಿಚ್ ಹೆಚ್ಚಾಗಿದೆ ಅಂತ ಅರ್ಥ. ಎಂಜಿನ್ನಿನ ಪೂರ್ತಿ ಬಲ ಸಿಗದೆ, ಏರಲು ರನ್‌ವೇ ಉದ್ದ ಬೇಕಾಗುತ್ತದೆ. ಹುರುಪಿನವರು ಅವಸರ ಮಾಡೋದು ಇಲ್ಲೇ.

ಎಂಜಿನ್ ಆರಿಸಿದ ಮ್ಯಾಲೆ ಮತ್ತೆ ಪಾನಾ ಹಿಡೀಬೇಕು. ಕಟ್ಟಿಗೆ ಪಂಖವಾದರೆ ಮಳೆಗಾಲಕ್ಕೆ ಉಬ್ಬಿ, ಬ್ಯಾಸಿಗಿಗೆ ಕುಗ್ಗಿ ಬೋಲ್ಟ್ ಸಡಿಲಾಗ್ತಾವ.