ತೋಟದ ಮನೆಗೆ ರಜೆಗೆ ಬರುವವರಿಗೆ

ಬೇಸಿಗೆ ರಜೆ ಬಂತೆಂದರೆ ಅರಳಗುಪ್ಪೆಯ ನಮ್ಮ ತೋಟದ ಮನೆಯಲ್ಲಿ ಬೆಂಗಳೂರಿನ ಮಕ್ಕಳದೇ ಗದ್ದಲ. ಕಲ್ಲೇಶ್ವರನ ಗುಡಿಯ ಚಾವಣಿಯಲ್ಲಿರುವ ನಟರಾಜನನ್ನು ನೋಡಿ ಬಂದರೆ ಆಮೇಲೆ ದಿನವಿಡೀ ತೋಟದಲ್ಲೇ. ಹೆತ್ತವರ ಮೊದಲ ಪ್ರಶ್ನೆ ಮಾತ್ರ ಪ್ರತಿ ವರ್ಷವೂ ಅದೇ: "ಅತ್ತೆ, ಹುಳ ಹುಪ್ಪಟೆ ಜಾಸ್ತಿನಾ?" ಇವೆ. ಆದರೆ ಜನ ಹೆದರುವುದು ಒಂದಕ್ಕೆ, ಹೆದರಬೇಕಾದದ್ದು ಇನ್ನೊಂದಕ್ಕೆ.

ಮೇ ತಿಂಗಳಲ್ಲಿ ಮಳೆ ಬಿದ್ದ ರಾತ್ರಿ ಪಡಸಾಲೆಯ ದೀಪಕ್ಕೆ ಹೆಬ್ಬೆರಳು ಗಾತ್ರದ ಕಪ್ಪು ದುಂಬಿ ಹಾರಿ ಬಂದು ಗೋಡೆಗೆ ಢಪ್ಪೆಂದು ಬಡಿಯುತ್ತದೆ. ತಲೆಯ ಮೇಲೊಂದು ಕೊಂಬು. ಮಕ್ಕಳು ಕಿರುಚುತ್ತಾ ಒಳಗೋಡುತ್ತವೆ. ಅದನ್ನು ಹಿಡಿದು ನನ್ನ ಅಂಗೈ ಮೇಲೆ ಬಿಟ್ಟುಕೊಂಡು ತೋರಿಸುತ್ತೇನೆ. ಮುಳ್ಳುಗಾಲು ಚರ್ಮಕ್ಕೆ ಚುರ್ರೆನ್ನುತ್ತವೆ, ಅಷ್ಟೇ. ಕುಟುಕುವುದಿಲ್ಲ, ವಿಷವೂ ಇಲ್ಲ. ಅದರ ಹಗೆ ಏನಿದ್ದರೂ ತೆಂಗಿನ ಮೇಲೆ. ಸುಳಿ ಕೊರೆದು ಒಳಹೊಗುತ್ತದೆ. ಮಡಿಸಿಕೊಂಡಿದ್ದ ಎಳೆಗರಿ ಬಿಚ್ಚಿದಾಗ ಕತ್ತರಿ ಆಡಿಸಿದಂತೆ ಕಾಣುತ್ತದೆ. ಬೆಳಿಗ್ಗೆ ಆ ಗರಿ ತೋರಿಸಿ, ತಿಪ್ಪೆ ಕೆದಕಿ ಅದರ ದಪ್ಪ ಬಿಳಿ ಮರಿಹುಳು ತೋರಿಸಿದರೆ ಮಕ್ಕಳು ಮತ್ತೆ ಹೆದರುವುದಿಲ್ಲ.

ಚೇಳಿನಲ್ಲೂ ಹೀಗೇ. ದೊಡ್ಡ ಕರಿಚೇಳು ನೋಡಲು ಭಯಂಕರ, ಕುಟುಕಿದರೆ ನೋವೂ ಹೌದು. ಪ್ರಾಣಕ್ಕೆ ಅಪಾಯ ಅಪರೂಪ. ಸಣ್ಣ ಕೆಂಪು ಚೇಳಿನ ವಿಷ ಮಕ್ಕಳ ಹೃದಯಕ್ಕೇ ಹೊಡೆಯುತ್ತದೆ. ಕಾಯಿ ಸಿಪ್ಪೆಯ ರಾಶಿ, ಕಲ್ಲಿನ ಸಂದು, ರಾತ್ರಿ ಹೊರಗೆ ಬಿಟ್ಟ ಬೂಟು ಅದರ ಜಾಗ. ಅತಿನೇರಳೆ ಟಾರ್ಚ್ ಬಿಟ್ಟರೆ ಚೇಳಿನ ಮೈ ಹಸಿರುನೀಲಿಯಾಗಿ ಹೊಳೆಯುತ್ತದೆ. ಊಟವಾದ ಮೇಲೆ ಅಂಗಳವನ್ನೆಲ್ಲ ಹಾಗೆ ಒಮ್ಮೆ ನೋಡಿಬಿಡುತ್ತೇವೆ. ಕುಟುಕಿಸಿಕೊಂಡ ಮಗು ಬೆವತು, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ಮಂತ್ರ, ಸೊಪ್ಪು ಎಂದು ಹೊತ್ತು ಕಳೆಯಬೇಡಿ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ವೈದ್ಯ ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ರಕ್ತದೊತ್ತಡದ ಪ್ರಾಜೋಸಿನ್ ಮಾತ್ರೆಯಿಂದಲೇ ಇಂಥವರನ್ನು ಬದುಕಿಸಬಹುದೆಂದು ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ಹೇಳಬೇಕು. ನಮ್ಮ ಕೆಲಸ ಬೇಗ ಆಸ್ಪತ್ರೆ ಮುಟ್ಟಿಸುವುದು.

ಕಟ್ಟುಹಾವು ಇನ್ನೂ ಸದ್ದಿಲ್ಲದ್ದು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇಲ್ಲ, ಊತವೂ ಇಲ್ಲದಿರಬಹುದು. ಬೆಳಗಾಗುವಾಗ ಹೊಟ್ಟೆನೋವು, ಎತ್ತಲಾಗದ ರೆಪ್ಪೆ. ಸೆಖೆ ಎಂದು ಜಗಲಿಯಲ್ಲಿ ಚಾಪೆ ಹಾಸುವುದನ್ನು ನಾನು ಒಪ್ಪುವುದೇ ಇಲ್ಲ. ಮಂಚ, ಸೊಳ್ಳೆಪರದೆ, ಪರದೆಯ ಅಂಚು ಹಾಸಿಗೆಯಡಿಗೆ. ಕಚ್ಚಿದ ಅನುಮಾನವಿದ್ದರೂ ಸಾಕು, 108ಕ್ಕೆ ಫೋನ್ ಮಾಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು.

ಎಲ್ಲಕ್ಕಿಂತ ಸಣ್ಣದು ಸೊಳ್ಳೆ. ಡೆಂಗಿ ಹರಡುವ ಸೊಳ್ಳೆಗೆ ಚಿಪ್ಪಿನಲ್ಲಿ ನಿಂತ ಒಂದು ಬೊಗಸೆ ಮಳೆನೀರು ಸಾಕು, ಕಚ್ಚುವುದೂ ಹಗಲಲ್ಲೇ. ನಮ್ಮ ಮನೆಯಲ್ಲಿ ಎಳನೀರು ಕುಡಿದವರೇ ಬುರುಡೆ ಹೋಳು ಮಾಡಿಸಿ, ಗಂಜಿ ಕೆರೆದು ತಿಂದು, ಬೋರಲು ಹಾಕಬೇಕು. ಆ ಮೇಲ್ವಿಚಾರಣೆ ಮಕ್ಕಳದು, ದೊಡ್ಡವರನ್ನೂ ಬಿಡುವುದಿಲ್ಲ.