ನಿಮಗಿದು ಗೊತ್ತೇ? ಕೊಳದ ಮೀನಿಗೂ ಲ್ಯಾಬ್ ಟೆಸ್ಟ್ ಉಂಟು!

ಮೀನಿನ ಕಾಯಿಲೆ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಕೊಳದ ತುಂಬ ಹರಡಿರಬಹುದು. ರೋಗ ಯಾವುದೆಂದು ಬೇಗ ತಿಳಿದಷ್ಟೂ ಉಳಿಯುವ ಮೀನು ಹೆಚ್ಚು.

● ಬೆಳಗಿನ ಜಾವ ಎಲ್ಲ ಜಾತಿಯ ಮೀನೂ ಒಟ್ಟಿಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹೆಚ್ಚಾಗಿ ಆಮ್ಲಜನಕದ ಕೊರತೆ. ಸಾಂಕ್ರಾಮಿಕ ರೋಗದಲ್ಲಿ ಸಾವು ಸಾಮಾನ್ಯವಾಗಿ ದಿನದಿಂದ ದಿನಕ್ಕೆ ಏರುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ನೀರಿನದು!

● ಅತಿ ಬೇಗ ಉತ್ತರ ಕೊಡುವ ಯಂತ್ರ ಇಂದಿಗೂ ಸೂಕ್ಷ್ಮದರ್ಶಕವೇ. ಕಿವಿರಿನ ಚೂರು, ಮೈಮೇಲಿನ ಲೋಳೆ ಇದ್ದರೆ ಪರಾವಲಂಬಿಗಳು ಕೆಲವೇ ನಿಮಿಷಗಳಲ್ಲಿ ಸಿಕ್ಕಿಬೀಳುತ್ತವೆ. ಬಿಳಿಚುಕ್ಕೆ ರೋಗ ತರುವ ಜೀವಿಯ ಗುರುತು, ಲಾಳದ ಆಕಾರದ ಕೋಶಕೇಂದ್ರ. ಮೀನುಹೇನಿಗಂತೂ ಬರಿಗಣ್ಣೇ ಸಾಕು.

● ಮೈಯಲ್ಲಿ ಕೆಂಪು ಹುಣ್ಣೇಳಿಸುವ ಇಯುಎಸ್ ರೋಗ ಭಾರತದಲ್ಲಿ ಮೊದಲು ಕಂಡದ್ದು 1988ರಲ್ಲಿ, ಈಶಾನ್ಯ ರಾಜ್ಯಗಳಲ್ಲಿ. ಕಾರಣ, ಶಿಲೀಂಧ್ರವನ್ನು ಹೋಲುವ ಅಫನೋಮೈಸಿಸ್ ಇನ್ವಡಾನ್ಸ್. ಹುಣ್ಣಿನಡಿಯ ಮಾಂಸವನ್ನು ಎರಡು ಗಾಜಿನ ನಡುವೆ ಒತ್ತಿ ನೋಡಿದರೆ ಅದರ ಎಳೆಗಳು ಕಾಣುತ್ತವೆ. ಖಚಿತಪಡಿಸಲು ಪಿಸಿಆರ್ ಎಂಬ ಡಿಎನ್ಎ ಪರೀಕ್ಷೆ ನೆರವಾಗುತ್ತದೆ.

● ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸಲು ಕನಿಷ್ಠ ಒಂದು ದಿನ ಬೇಕು. ಆದರೆ ಯಾವ ಔಷಧಿಗೆ ಅದು ಬಗ್ಗುತ್ತದೆ ಎಂಬುದನ್ನೂ ಹೀಗೆ ಬೆಳೆಸಿಯೇ ಪರೀಕ್ಷಿಸಬಹುದು. ತಿಳಿಯದೆ ಆಂಟಿಬಯಾಟಿಕ್ ಸುರಿದರೆ ಹಣವೂ ಹೋಗುತ್ತದೆ, ಔಷಧಿಗೆ ಬಗ್ಗದ ರೋಗಾಣುವೂ ಹುಟ್ಟುತ್ತದೆ.

● ಪಿಸಿಆರ್ ಪರೀಕ್ಷೆಯಲ್ಲಿ ರೋಗಾಣುವಿನ ಡಿಎನ್ಎ ತುಣುಕು ಪ್ರತಿ ಸುತ್ತಿಗೂ ಇಮ್ಮಡಿಯಾಗುತ್ತದೆ. ಲೆಕ್ಕದ ಪ್ರಕಾರ 30 ಸುತ್ತಿಗೆ ಒಂದು ತುಣುಕು 100 ಕೋಟಿ ದಾಟುತ್ತದೆ! ಉತ್ತರ ಕೆಲವೇ ಗಂಟೆಗಳಲ್ಲಿ.

● ಜಪಾನಿನ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ, ಡಿಎನ್ಎಯನ್ನೇ ಹೆಚ್ಚಿಸುವ ಲ್ಯಾಂಪ್ ವಿಧಾನಕ್ಕೆ ಪಿಸಿಆರ್ ಯಂತ್ರವೂ ಬೇಡ. 60ರಿಂದ 65 ಡಿಗ್ರಿ ಸೆಲ್ಸಿಯಸ್‌ನ ಒಂದೇ ಶಾಖದಲ್ಲಿ ಸುಮಾರು ಒಂದು ಗಂಟೆ ಇಟ್ಟರೆ ಸಾಕು. ಸೂಕ್ತ ಬಣ್ಣ ಬೆರೆಸಿದ್ದರೆ ಫಲಿತಾಂಶ ಕಣ್ಣಿಗೇ ಕಾಣುತ್ತದೆ.

● ತಿಲಾಪಿಯ ಮೀನನ್ನು ಕಾಡುವ ಟಿಐಎಲ್‌ವಿ ವೈರಸ್ಸನ್ನು ಇಸ್ರೇಲ್‌ನಲ್ಲಿ ಗುರುತಿಸಿ 2014ರಲ್ಲಿ ಪ್ರಕಟಿಸಲಾಯಿತು. ಇದು ಆರ್‌ಎನ್‌ಎ ವೈರಸ್. ಹಾಗಾಗಿ ಮೊದಲು ಅದರ ಡಿಎನ್ಎ ಪ್ರತಿ ತಯಾರಿಸಿಕೊಂಡೇ ಪಿಸಿಆರ್ ಮಾಡಬೇಕು. ಆಂಟಿಬಯಾಟಿಕ್‌ಗೆ ಇದು ಜಗ್ಗದು. ಕೊಳಕ್ಕೆ ಮರಿ ಬಿಡುವ ಮುನ್ನ ಪರೀಕ್ಷಿಸುವುದೇ ಜಾಣತನ.

● ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ನಮ್ಮ ಮಂಗಳೂರಿನಲ್ಲಿ. ಮೀನು, ಸಿಗಡಿಗಳ ರೋಗ ಪತ್ತೆಗೆ ಮೊನೊಕ್ಲೋನಲ್ ಪ್ರತಿಕಾಯ (ಒಂದೇ ಗುರಿಗೆ ಅಂಟುವ ಪ್ರೋಟೀನ್) ಬಳಸುವ ಪರೀಕ್ಷೆಗಳ ಸಂಶೋಧನೆ ಅಲ್ಲಿ ನಡೆದಿದೆ.

● ಸತ್ತು ಉಬ್ಬಿ ತೇಲುವ ಮೀನು ಪರೀಕ್ಷೆಗೆ ಬಾರದು. ಕಾಯಿಲೆಯ ಲಕ್ಷಣವಿರುವ, ಇನ್ನೂ ಉಸಿರಾಡುತ್ತಿರುವ ಮೀನನ್ನೇ ಆಮ್ಲಜನಕ ತುಂಬಿದ ಚೀಲದಲ್ಲಿ ಒಯ್ಯಿರಿ. ಪಿಸಿಆರ್‌ಗೆ ಅಂಗಾಂಶವನ್ನು 95% ಆಲ್ಕೊಹಾಲ್‌ನಲ್ಲಿ ಇಡಬಹುದು. ಫಾರ್ಮಲಿನ್‌ಗೆ ಹಾಕಿದ ಮೀನಿನಿಂದ ಬ್ಯಾಕ್ಟೀರಿಯಾ ಬೆಳೆಸಲಾಗದು.

● ಜಲಚರಗಳ ರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ರೈತರು ಮೊಬೈಲಿನಲ್ಲೇ ರೋಗ ವರದಿ ಮಾಡಲೆಂದು 2023ರಲ್ಲಿ ‘ರಿಪೋರ್ಟ್ ಫಿಶ್ ಡಿಸೀಸ್’ ಆ್ಯಪ್ ಬಂದಿದೆ. ಕೊಳದಲ್ಲಿ ಮೀನು ಸಾಯತೊಡಗಿದರೆ ಔಷಧಿ ಅಂಗಡಿಗಿಂತ ಮೊದಲು ಮೀನುಗಾರಿಕೆ ಇಲಾಖೆಗೆ ತಿಳಿಸಿ. ಪಕ್ಕದ ರೈತನ ಕೊಳವೂ ಅದರಿಂದ ಉಳಿದೀತು.