ಇಕ್ಕಟ್ಟಿನ ಬಾಗಿಲಲ್ಲಿ ಕಾಣೆಯಾಗುವ ಒತ್ತಡ

ಶಾವಿಗೆಯ ಒರಳನ್ನು ಒತ್ತಿ ನೋಡಿದವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು. ಬೆಂದ ಹಿಟ್ಟಿನ ಮುದ್ದೆ ಒರಳಿನ ಅಗಲವಾದ ಹೊಟ್ಟೆಯಲ್ಲಿರುವಾಗ ಮೆತ್ತಗಿರುತ್ತದೆ. ಬೆರಳಿನಿಂದ ಅಮುಕಿದರೂ ತಗ್ಗುತ್ತದೆ. ಅದೇ ಹಿಟ್ಟನ್ನು ಅಡಿಯ ಬಿಲ್ಲೆಯ ಸಣ್ಣ ಕಣ್ಣುಗಳ ಮೂಲಕ ಹೊರಡಿಸಬೇಕಾದರೆ ಮೈಭಾರವನ್ನೆಲ್ಲ ಹಿಡಿಯ ಮೇಲೆ ಹಾಕಬೇಕಾಗುವುದು. ಬಿಲ್ಲೆಯಾದರೋ ತೆಳುವಾದುದು, ಕಣ್ಣಿನೊಳಗೆ ಹಿಟ್ಟು ಸಾಗಬೇಕಾದ ದಾರಿ ಬಹಳ ಚಿಕ್ಕದು. ಇಷ್ಟು ಚಿಕ್ಕ ದಾರಿಗೆ ಇಷ್ಟು ದೊಡ್ಡ ಸುಂಕವೇಕೆ? ಅಡಿಗೆಮನೆಯಲ್ಲಿ ಈ ಪ್ರಶ್ನೆಗೆ ಬಿಡುವಿಲ್ಲ, ಶಾವಿಗೆ ಇಳಿದರೆ ಸಾಕು. ಆದರೆ ಪ್ಲಾಸ್ಟಿಕ್ಕಿನ ಕಾರ್ಖಾನೆಯಲ್ಲಿ ಇದೇ ಪ್ರಶ್ನೆಗೆ ಉತ್ತರ ಬೇಕೇ ಬೇಕು. ಯಂತ್ರದ ಶಕ್ತಿ, ವಿದ್ಯುತ್ತಿನ ವೆಚ್ಚ, ಹೊರಬರುವ ಸರಕಿನ ನುಣುಪು ಇವೆಲ್ಲವೂ ಆ ಉತ್ತರವನ್ನು ಅವಲಂಬಿಸಿರುತ್ತವೆ.

ಪಾಲಿಥೀನ್ ಹಾಳೆ, ನೀರಿನ ಕೊಳವೆ, ವಿದ್ಯುತ್ತಂತಿಯ ಹೊದಿಕೆ, ನೈಲಾನ್ ಮತ್ತು ಪಾಲಿಯೆಸ್ಟರ್ ನೂಲು—ಇವೆಲ್ಲವೂ ಒಂದು ಘಟ್ಟದಲ್ಲಿ ಕರಗಿದ ಸ್ಥಿತಿಯಲ್ಲಿದ್ದು, ಅಗಲವಾದ ಪಾತ್ರದಿಂದ ಕಿರಿದಾದ ಬಾಯಿಯೊಳಗೆ ನುಗ್ಗಿ ಬಂದಂಥವು. ಕಾಯಿಸಿದ ಉಕ್ಕಿನ ಕೊಳವೆಯಲ್ಲಿ ತಿರುಗುವ ದೊಡ್ಡ ತಿರುಪೊಂದು ಪ್ಲಾಸ್ಟಿಕ್ಕಿನ ಕಾಳುಗಳನ್ನು ಮುಂದಕ್ಕೆ ತಳ್ಳುತ್ತ, ಕರಗಿಸುತ್ತ, ಕೊನೆಯಲ್ಲಿರುವ ‘ಡೈ’ ಎಂಬ ಅಚ್ಚಿನ ಮೂಲಕ ಹೊರದೂಡುವುದು. ಕರಗಿದ ಪಾಲಿಮರ್ ನೋಡುವುದಕ್ಕೆ ದ್ರವ; ಆದರೆ ಅದರ ಸ್ನಿಗ್ಧತೆ, ಎಂದರೆ ಹರಿಯಲೊಲ್ಲದ ಅಂಟುತನ, ನೀರಿನ ಸ್ನಿಗ್ಧತೆಯ ಹತ್ತು ಲಕ್ಷ ಪಟ್ಟು ಇರುವುದು ವಿಶೇಷವೇನೂ ಅಲ್ಲ. ಅಚ್ಚಿನೊಳಕ್ಕೆ ಪ್ಲಾಸ್ಟಿಕ್ಕನ್ನು ಚಿಮ್ಮಿ ತುಂಬುವ ಯಂತ್ರಗಳಲ್ಲಿ ಒತ್ತಡ ಸಾವಿರ ವಾಯುಭಾರವನ್ನು ಮೀರುವುದುಂಟು. ಒಂದು ವಾಯುಭಾರವೆಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ತೂಕವನ್ನು ಹೇರಿದಂತೆ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ, ಸಾವಿರವೆಂದರೆ ಏನೆಂಬುದು ಮನವರಿಕೆಯಾದೀತು.

ಸಣ್ಣ ಕೊಳವೆಯಲ್ಲಿ ದ್ರವ ಹರಿಯುವಾಗ ಒತ್ತಡ ಎಷ್ಟು ಕಳೆಯುವುದೆಂಬ ಲೆಕ್ಕ ಹಳೆಯದು. ಜರ್ಮನಿಯ ಜಲಶಿಲ್ಪಿ ಹಾಗೆನ್ 1839ರಲ್ಲಿಯೂ, ರಕ್ತನಾಳಗಳಲ್ಲಿ ರಕ್ತ ಹರಿಯುವ ಬಗೆಯನ್ನು ತಿಳಿಯಬೇಕೆಂದು ಹೊರಟ ಫ್ರಾನ್ಸಿನ ವೈದ್ಯ ಪ್ವಾಸೇಯ್ ಅದಾದ ಒಂದೆರಡು ವರ್ಷಗಳಲ್ಲಿಯೂ, ಬೇರೆ ಬೇರೆಯಾಗಿಯೇ ಅದನ್ನು ಕಂಡುಕೊಂಡರು. ಕೊಳವೆಯ ಉದ್ದ ಇಮ್ಮಡಿಸಿದರೆ ಕಳೆಯುವ ಒತ್ತಡವೂ ಇಮ್ಮಡಿಸುವುದು. ತ್ರಿಜ್ಯವನ್ನು ಅರ್ಧಮಾಡಿ ಅಷ್ಟೇ ದ್ರವವನ್ನು ಹರಿಸಬೇಕಾದರೆ ಹದಿನಾರು ಪಟ್ಟು ಒತ್ತಡ ಬೇಕಾಗುವುದು. ಈ ನಿಯಮವನ್ನು ತಿರುಗಿಸಿ ಹಿಡಿದರೆ ಸ್ನಿಗ್ಧತೆಯನ್ನು ಅಳೆಯುವ ಸಾಧನವೇ ದೊರೆಯುತ್ತದೆ. ತಿಳಿದ ಅಳತೆಯ ಕೊಳವೆಯೊಳಗೆ ತಿಳಿದ ವೇಗದಲ್ಲಿ ದ್ರವವನ್ನು ನೂಕಿ, ಬೇಕಾದ ಒತ್ತಡವನ್ನು ನೋಡಿಕೊಂಡರೆ ಸಾಕು.

ಕರಗಿದ ಪ್ಲಾಸ್ಟಿಕ್ಕಿಗೆ ಇದನ್ನು ಅನ್ವಯಿಸಿದಾಗಲೇ ತೊಡಕು ತಲೆದೋರುವುದು. ವಿವರಣೆಗಾಗಿ ನಾವೇ ಕೆಲವು ಸರಳ ಸಂಖ್ಯೆಗಳನ್ನು ಆರಿಸಿಕೊಳ್ಳೋಣ. ಒಂದೇ ವ್ಯಾಸದ ಮೂರು ನಳಿಗೆಗಳಿವೆ ಎಂದಿಟ್ಟುಕೊಳ್ಳಿ. ಮೊದಲನೆಯದರ ಉದ್ದ ವ್ಯಾಸದ 4 ಪಟ್ಟು, ಎರಡನೆಯದರದು 8 ಪಟ್ಟು, ಮೂರನೆಯದರದು 16 ಪಟ್ಟು. ಮೂರರಲ್ಲಿಯೂ ಒಂದೇ ಪಾಲಿಥೀನನ್ನು ಒಂದೇ ಉಷ್ಣತೆಯಲ್ಲಿ, ಒಂದೇ ವೇಗದಲ್ಲಿ ಹರಿಸಿದಾಗ ಬೇಕಾದ ಒತ್ತಡ ಕ್ರಮವಾಗಿ 32, 48 ಮತ್ತು 80 ವಾಯುಭಾರ. ಈಗ ಒಂದು ವ್ಯಾಸದಷ್ಟು ಉದ್ದಕ್ಕೆ ಎಷ್ಟು ಒತ್ತಡ ಸಂದಿತೆಂದು ಭಾಗಿಸಿ ನೋಡಿದರೆ ಮೊದಲನೆಯದರಲ್ಲಿ 8, ಎರಡನೆಯದರಲ್ಲಿ 6, ಮೂರನೆಯದರಲ್ಲಿ 5 ಬರುವುದು! ಒಂದೇ ದ್ರವಕ್ಕೆ ಮೂರು ಸ್ನಿಗ್ಧತೆಗಳಿರುವುದೆಂದರೇನು? ಅಳೆದವನ ಕೈ ತಪ್ಪಿಲ್ಲ, ಮಾಪಕ ಕೆಟ್ಟಿಲ್ಲ. ಹಾಗಾದರೆ ನಿಯಮವೇ ಸುಳ್ಳೆ?

ನಿಯಮ ಸುಳ್ಳಲ್ಲ, ಆದರೆ ಅದು ಕೊಳವೆಯ ನಡುಭಾಗವನ್ನು ಮಾತ್ರ ಬಲ್ಲದು, ಬಾಗಿಲನ್ನು ಅರಿಯದು. ನಮ್ಮ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಉದ್ದ 4ರಿಂದ 8ಕ್ಕೆ ಏರಿದಾಗ ಒತ್ತಡ 16ರಷ್ಟು ಹೆಚ್ಚಿತು. 8ರಿಂದ 16ಕ್ಕೆ ಏರಿದಾಗ 32ರಷ್ಟು ಹೆಚ್ಚಿತು. ಎಂದರೆ ಹೆಚ್ಚಿದ ಪ್ರತಿಯೊಂದು ವ್ಯಾಸದ ಉದ್ದಕ್ಕೂ ತಪ್ಪದೆ ನಾಲ್ಕೇ ವಾಯುಭಾರ. ಇವನ್ನು ನಕ್ಷೆಯ ಕಾಗದದ ಮೇಲೆ ಗುರುತಿಸಿದರೆ ಮೂರು ಬಿಂದುಗಳೂ ಒಂದೇ ಸರಳರೇಖೆಯ ಮೇಲೆ ಕೂಡುವುವು. ಆ ರೇಖೆಯನ್ನು ಹಿಂದಕ್ಕೆ ಎಳೆಯುತ್ತ ಹೋಗಿ ಉದ್ದ ಸೊನ್ನೆಯಾಗುವ ಕಡೆ ನಿಂತರೆ, ಒತ್ತಡ ಸೊನ್ನೆಯಾಗಿರುವುದಿಲ್ಲ. 16 ವಾಯುಭಾರ ಉಳಿದಿರುತ್ತದೆ. ಕೊಳವೆಯೇ ಇಲ್ಲದಿದ್ದರೂ ತೆರಬೇಕಾದ ಸುಂಕವಿದು. ಮೊದಲನೆಯ ನಳಿಗೆಯಲ್ಲಿ ಒಟ್ಟು ಒತ್ತಡದ ಸರಿಯರ್ಧ ಇದಕ್ಕೇ ಮುಡುಪಾಯಿತು. ಅದನ್ನು ಲೆಕ್ಕಕ್ಕೆ ಹಿಡಿಯದವನಿಗೆ ಸ್ನಿಗ್ಧತೆ ಇದ್ದುದಕ್ಕಿಂತ ಇಮ್ಮಡಿಯಾಗಿ ಕಾಣಿಸಿತು.

ಕೊಳವೆಯ ತುದಿಗಳಲ್ಲಾಗುವ ನಷ್ಟವನ್ನು ಒಂದು ಕಾಲ್ಪನಿಕ ಉದ್ದವನ್ನಾಗಿ ಎಣಿಸಿ, ನಿಜವಾದ ಉದ್ದಕ್ಕೆ ಸೇರಿಸಬೇಕೆಂಬ ವಿಚಾರವನ್ನು ಫ್ರಾನ್ಸಿನ ಮೋರಿಸ್ ಕೂಎಟ್ 1890ರಲ್ಲಿಯೇ ಮುಂದಿಟ್ಟಿದ್ದನು. ಕರಗಿದ ಪಾಲಿಥೀನಿನ ವಿಷಯದಲ್ಲಿ ಅದನ್ನು ಚೊಕ್ಕಟವಾಗಿ ನಡೆಸಿ ತೋರಿಸಿದವರು ಬ್ಯಾಗ್ಲಿ ಎಂಬವರು. ಅವರ ಲೇಖನ 1957ರಲ್ಲಿ ಪ್ರಕಟವಾಯಿತು. ಹಲವು ಉದ್ದಗಳ ನಳಿಗೆಗಳನ್ನು ಬಳಸಿ, ಪ್ರತಿಯೊಂದು ವೇಗಕ್ಕೂ ಒಂದೊಂದು ಸರಳರೇಖೆಯನ್ನೆಳೆದು, ಅದು ಉದ್ದದ ಅಕ್ಷವನ್ನು ಸೊನ್ನೆಯ ಆಚೆಗೆ ಎಲ್ಲಿ ಮುಟ್ಟುವುದೆಂದು ನೋಡುವ ಈ ಕ್ರಮವನ್ನು ‘ಬ್ಯಾಗ್ಲಿ ತಿದ್ದುಪಡಿ’ ಎಂದು ಇಂದಿಗೂ ಕರೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಆ ತಿದ್ದುಪಡಿ ನಾಲ್ಕು ವ್ಯಾಸ, ಎಂದರೆ ಎಂಟು ತ್ರಿಜ್ಯ. ಹೈಸ್ಕೂಲಿನ ನಕ್ಷೆಯ ಕಾಗದದ ಮೇಲೆ ಮಾಡಬಹುದಾದಷ್ಟು ಸುಲಭವಾದ ಕೆಲಸವೊಂದು ದೊಡ್ಡ ಕೈಗಾರಿಕೆಗೆ ಇಷ್ಟು ಉಪಯುಕ್ತವಾದುದು ನಮಗಂತೂ ಸಂತೋಷದ ಸಂಗತಿಯೆಂದು ತೋರುವುದು.

ಆದರೆ ಲೆಕ್ಕವನ್ನು ಸರಿಪಡಿಸಿದ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ಆ 16 ವಾಯುಭಾರ ಹೋದುದೆಲ್ಲಿಗೆ?

ನೀರಿನ ಅಭ್ಯಾಸವಿರುವವರು ಮೊದಲು ವೇಗವನ್ನು ದೂರುವರು. ತೊಟ್ಟಿಯಿಂದ ಕೊಳವೆಗೆ ಹೋಗುವಾಗ ನೀರು ತಟ್ಟನೆ ವೇಗವನ್ನು ಪಡೆಯಬೇಕು. ಅದಕ್ಕೆ ಚಲನಶಕ್ತಿ ಬೇಕು. ಅದರ ಮೇಲೆ ಚೂಪಾದ ಅಂಚಿನಲ್ಲಿ ಸುಳಿಗಳೆದ್ದು ಇನ್ನಷ್ಟು ನಷ್ಟವಾಗುವುದು. ಪಾಲಿಮರಿಗೆ ಈ ವಾದ ಒಪ್ಪದು. ಅದು ಸೆಕೆಂಡಿಗೆ ಹತ್ತು ಸೆಂಟಿಮೀಟರ್ ವೇಗದಲ್ಲಿ ಸಾಗುತ್ತಿದ್ದರೆ, ಆ ಚಲನೆಗೆ ಬೇಕಾಗುವ ಒತ್ತಡ ಒಂದು ವಾಯುಭಾರದ ಇಪ್ಪತ್ತೈದು ಸಾವಿರದ ಒಂದಂಶದಷ್ಟೂ ಇಲ್ಲ. ಹದಿನಾರು ರೂಪಾಯಿ ಕಳೆದಿರುವಾಗ ಈ ಚಿಲ್ಲರೆಯನ್ನು ಹುಡುಕಿ ಪ್ರಯೋಜನವೇನು?

ಎರಡನೆಯ ಆರೋಪಿ ಬರಿಯ ಅಂಟುತನ. ಅಗಲದಿಂದ ಕಿರಿದಕ್ಕೆ ಕೂಡಿಬರುವಾಗಲೂ ದ್ರವದ ಪದರಗಳು ಒಂದರ ಮೇಲೊಂದು ಜಾರಲೇಬೇಕಷ್ಟೆ. ಈ ನಷ್ಟವನ್ನು ಗಣಿತದಿಂದ ಖಚಿತವಾಗಿ ಲೆಕ್ಕಹಾಕಬಹುದು. ಗ್ಲಿಸರಿನ್‌ನಂತಹ ಸರಳವಾದ ಗಟ್ಟಿ ದ್ರವ ಮೆಲ್ಲಗೆ ಹರಿಯುತ್ತಿರುವಾಗ, ಪ್ರವೇಶದ ನಷ್ಟ ಕೊಳವೆಯ ಅರ್ಧ ತ್ರಿಜ್ಯಕ್ಕಿಂತ ಸ್ವಲ್ಪ ಹೆಚ್ಚಾದ ಉದ್ದಕ್ಕೆ ಸಮನಾಗುವುದು. ನಮಗೆ ಬೇಕಾದುದು ಎಂಟು ತ್ರಿಜ್ಯ. ಹತ್ತು ಪಟ್ಟಿಗೂ ಮಿಕ್ಕಿದ ಈ ವ್ಯತ್ಯಾಸವನ್ನು ತುಂಬಿಕೊಡಲು ಪಾಲಿಮರಿನ ಸ್ವಭಾವವನ್ನೇ ವಿಚಾರಿಸಬೇಕು.

ಪಾಲಿಮರುಗಳು ಬೃಹದಣುಗಳೆಂದು 1920ರಲ್ಲಿ ಸಾರಿದವನು ಜರ್ಮನಿಯ ಸ್ಟೌಡಿಂಗರ್. ಅನೇಕ ರಸಾಯನವಿಜ್ಞಾನಿಗಳು ಅವನನ್ನು ನಂಬಲಿಲ್ಲ. 1953ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಪಾಲಿಥೀನಿನ ಒಂದು ಅಣುವಿನಲ್ಲಿ ಸಾವಿರಾರು ಇಂಗಾಲದ ಪರಮಾಣುಗಳು ಸಾಲಾಗಿ ಕೈಹಿಡಿದು ನಿಂತಿರುತ್ತವೆ. ಕರಗಿದಾಗ ಈ ನೀಳವಾದ ಎಳೆಗಳು ಪಾತ್ರೆಯಲ್ಲಿ ರಾಶಿಬಿದ್ದ ಒದ್ದೆ ಶಾವಿಗೆಯಂತೆ ಸುರುಳಿಗೊಂಡು ಒಂದರಲ್ಲೊಂದು ತೊಡರಿಕೊಂಡಿರುತ್ತವೆ. ಇಂತಹ ರಾಶಿಯನ್ನು ಎಳೆಯುವುದೇ ಬೇರೆ, ಪದರ ಪದರವಾಗಿ ಜಾರಿಸುವುದೇ ಬೇರೆ.

ಇಕ್ಕಟ್ಟಿನ ಬಾಗಿಲಲ್ಲಿ ನಡೆಯುವುದು ಎಳೆತ. ಹತ್ತು ಮಿಲಿಮೀಟರ್ ವ್ಯಾಸದ ಪಾತ್ರದಿಂದ ಒಂದು ಮಿಲಿಮೀಟರ್ ವ್ಯಾಸದ ನಳಿಗೆಗೆ ಹರಿವು ಕೂಡಿಬಂದರೆ, ವಿಸ್ತೀರ್ಣ ನೂರರಲ್ಲೊಂದಂಶಕ್ಕೆ ಇಳಿಯುವುದು. ವೇಗ ನೂರು ಪಟ್ಟು ಏರುವುದು. ಒಂದು ಮಿಲಿಮೀಟರ್ ಉದ್ದದ ತುಣುಕು ಹತ್ತು ಸೆಂಟಿಮೀಟರಿನ ದಾರವಾಗಬೇಕು. ಎಳೆಯುವಾಗ ದ್ರವ ತೋರುವ ಪ್ರತಿರೋಧವನ್ನು 1906ರಲ್ಲಿ ಟ್ರೌಟನ್ ಎಂಬ ಭೌತವಿಜ್ಞಾನಿ ಪರೀಕ್ಷಿಸಿ, ಸರಳ ದ್ರವಗಳಲ್ಲಿ ಅದು ಜಾರಿಕೆಯ ಸ್ನಿಗ್ಧತೆಯ ಮೂರರಷ್ಟಿರುವುದೆಂದು ತೋರಿಸಿದ್ದನು. ಕರಗಿದ ಪಾಲಿಮರಿನಲ್ಲಿ ಈ ‘ಮೂರು’ ನಿಲ್ಲುವುದಿಲ್ಲ. ವೇಗ ಹೆಚ್ಚಿದಂತೆ ಅದರ ಜಾರಿಕೆಯ ಸ್ನಿಗ್ಧತೆ ಇಳಿಯುತ್ತ ಹೋಗುವುದು, ಆದರೆ ಎಳೆತದ ಪ್ರತಿರೋಧ ಹಾಗೆ ಇಳಿಯದು; ಕೆಲವು ಜಾತಿಗಳಲ್ಲಿ ಅದು ಏರುವುದೂ ಉಂಟು. ಹೀಗಾಗಿ ಎರಡರ ಪ್ರಮಾಣ ಹತ್ತಾರು ಪಟ್ಟು ಆಗಿಬಿಡಬಹುದು. ನಮ್ಮ ಹದಿನಾರು ವಾಯುಭಾರದ ಹೆಚ್ಚಿನ ಪಾಲು ಎಳೆಗಳನ್ನು ಹೀಗೆ ಎಳೆದು ನೆಟ್ಟಗೆ ಮಾಡುವುದಕ್ಕೇ ವೆಚ್ಚವಾಗುವುದು.

ವೆಚ್ಚವಾದುದೆಲ್ಲವೂ ಕೂಡಲೇ ಶಾಖವಾಗಿ ಹೋಗುವುದಿಲ್ಲ ಎಂಬುದು ಇನ್ನೂ ಸ್ವಾರಸ್ಯವಾದ ಸಂಗತಿ. ಎಳೆದ ರಬ್ಬರಿನಲ್ಲಿರುವಂತೆ ಅದರಲ್ಲೊಂದು ಪಾಲು ಎಳೆಗಳಲ್ಲಿ ಅಡಗಿರುವುದು. ಬಾಗಿಲನ್ನು ದಾಟಲು ಅವಕ್ಕೆ ಹಿಡಿಯುವ ಕಾಲ ಸೆಕೆಂಡಿನ ನೂರರಲ್ಲೊಂದಂಶವಾದರೆ, ತಮ್ಮ ಮೊದಲಿನ ಸುರುಳಿಯನ್ನು ಮರೆಯಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಆದಕಾರಣ ಚಿಕ್ಕ ನಳಿಗೆಯಿಂದ ಹೊರಬಿದ್ದೊಡನೆ ಎಳೆಗಳು ಮತ್ತೆ ಮುದುಡಿಕೊಳ್ಳುವುವು. ದಾರ ನಳಿಗೆಯ ರಂಧ್ರಕ್ಕಿಂತ ದಪ್ಪನಾಗಿ ಉಬ್ಬುವುದು. ಅಮೆರಿಕೆಯ ಕಾರ್ಲ್ ಬ್ಯಾರಸ್ 1893ರಲ್ಲಿಯೇ ಒಂದು ಬಗೆಯ ಅಂಟಿನಲ್ಲಿ ಇಂತಹ ಉಬ್ಬನ್ನು ಕಂಡಿದ್ದನು. ನಳಿಗೆ ನೀಳವಾದಷ್ಟೂ ದಾರಿಯಲ್ಲೇ ಮರೆವು ಕವಿಯುವುದರಿಂದ ಉಬ್ಬು ಕಡಮೆಯಾಗುತ್ತದೆ.

ಇಲ್ಲಿ ಪಾಲಿಥೀನಿನ ಎರಡು ಜಾತಿಗಳನ್ನು ಹೋಲಿಸದೆ ಮುಂದೆ ಹೋಗುವಂತಿಲ್ಲ. ಇಂಗ್ಲೆಂಡಿನ ವಿನಿಂಗ್ಟನ್ನಿನಲ್ಲಿ ಗಿಬ್ಸನ್ ಮತ್ತು ಫಾಸೆಟ್ 1933ರಲ್ಲಿ ಕಂಡುಹಿಡಿದ ಅಧಿಕ ಒತ್ತಡದ ವಿಧಾನದಿಂದ ಬರುವ ಪಾಲಿಥೀನಿನ ಅಣುಗಳಿಗೆ ಮರದಂತೆ ನೀಳವಾದ ಕೊಂಬೆಗಳಿರುತ್ತವೆ. ಜೀಗ್ಲರ್ 1953ರಲ್ಲಿ ತೋರಿಸಿದ ವಿಧಾನದಲ್ಲಾದರೋ ಅಣು ಬಹುಮಟ್ಟಿಗೆ ಕವಲಿಲ್ಲದ ನೇರ ದಾರ. ಎರಡನ್ನೂ ಗಾಜಿನ ಕಿಟಕಿಯುಳ್ಳ ನಳಿಗೆಯಲ್ಲಿ ಹರಿಸಿ ನೋಡಿದರೆ ನೇರ ಜಾತಿಯದು ಎಲ್ಲ ಕಡೆಯಿಂದಲೂ ಬಾಗಿಲಿನತ್ತ ನೆಟ್ಟಗೆ ಸಾಗಿಬರುವುದು. ಕವಲಿನ ಜಾತಿಯದು ಹಾಗಲ್ಲ. ಅದು ನಡುವೆ ತಾನಾಗಿಯೇ ಒಂದು ಆಲಿಕೆಯ ಆಕಾರವನ್ನು ತಳೆದು ಒಳಗಿಳಿಯುವುದು. ಆಲಿಕೆಯ ಸುತ್ತಣ ಮೂಲೆಗಳಲ್ಲಿ ದ್ರವ ಮೆಲ್ಲಗೆ ಸುತ್ತುತ್ತ ನಿಂತುಬಿಡುವುದು. ಎಳೆತಕ್ಕೆ ಬಲವಾಗಿ ಎದುರುನಿಲ್ಲುವ ಈ ದ್ರವ, ಒಮ್ಮೆಲೇ ಕುಗ್ಗುವ ಕಷ್ಟಕ್ಕಿಂತ ನಿಧಾನವಾಗಿ ಕುಗ್ಗುವ ದಾರಿಯನ್ನು ಆರಿಸಿಕೊಂಡಿತೆನ್ನಬಹುದು. ಇದರಿಂದ ಕಾರ್ಖಾನೆಗೆ ತೊಂದರೆ ತಪ್ಪದು. ಮೂಲೆಯಲ್ಲಿ ಬಹಳ ಹೊತ್ತು ಕಾಯ್ದ ಪ್ಲಾಸ್ಟಿಕ್ ಸೀದು, ಕರಿಯ ಚುಕ್ಕೆಗಳಾಗಿ ಸರಕಿನಲ್ಲಿ ಕಾಣಿಸಿಕೊಳ್ಳುವುದು.

ವೇಗವನ್ನು ಇನ್ನೂ ಹೆಚ್ಚಿಸಿದರೆ ಕೆಡುಕು ಬೇರೆ ರೂಪವನ್ನು ತಾಳುತ್ತದೆ. ಹೊರಬರುವ ದಾರ ಮೊದಲು ನುಣುಪನ್ನು ಕಳೆದುಕೊಂಡು, ಆಮೇಲೆ ತಿರುಪಿನಂತೆ ಸುತ್ತಿಕೊಂಡು, ಕೊನೆಗೆ ಮುರಿದ ಬೇರಿನಂತೆ ಅಡ್ಡಾದಿಡ್ಡಿಯಾಗುವುದು. ಟಾರ್ಡೆಲ್ಲಾ ಎಂಬ ಸಂಶೋಧಕರು 1956ರಲ್ಲಿ ಇದನ್ನು ಕರಗಿದ ವಸ್ತುವಿನ ಮುರಿತವೆಂದೇ ವರ್ಣಿಸಿದರು. ದ್ರವ ಮುರಿಯುವುದೆಂಬ ಮಾತು ವಿಚಿತ್ರವಾಗಿ ಕೇಳಿಸಬಹುದು. ಆದರೆ ತೊಡರಿದ ಎಳೆಗಳು ಬಿಡಿಸಿಕೊಳ್ಳಲು ಸಮಯವಿಲ್ಲದಷ್ಟು ಬೇಗ ಎಳೆದರೆ ಬೇರೇನಾದೀತು? ಕವಲಿನ ಪಾಲಿಥೀನಿನಲ್ಲಿ ಈ ವಿಕಾರದ ಬೇರು ಪ್ರವೇಶದ್ವಾರದಲ್ಲಿಯೇ ಇದೆ: ಆಲಿಕೆ ಅಲ್ಲಾಡಿ ಒಡೆಯುವುದು, ಮೂಲೆಯ ದ್ರವ ಆಗಾಗ ನಡುವಿನ ಹರಿವಿಗೆ ನುಗ್ಗುವುದು. ನೇರ ಪಾಲಿಥೀನಿನ ಮೈ ಒರಟಾಗುವ ಮೊದಲ ಹಂತವಾದರೋ ನಳಿಗೆಯ ಹೊರಬಾಯಿಯಲ್ಲಿ ಹುಟ್ಟುವಂಥದು. ಅದರ ಕಥೆ ಬೇರೆ.

ಇದಕ್ಕೆ ಪರಿಹಾರವೆಂದು ಡೈ ಮಾಡುವವರು ಬಾಗಿಲನ್ನು ಚೌಕವಾಗಿ ಬಿಡದೆ ಆಲಿಕೆಯಂತೆ ಇಳಿಜಾರಾಗಿ ಕೊರೆಯುತ್ತಾರೆ. ಮೂಲೆ ಇಲ್ಲವಾಯಿತು, ಎಳೆತ ಮೆಲ್ಲಗಾಯಿತು, ಮುರಿತ ಹೆಚ್ಚಿನ ವೇಗಕ್ಕೆ ಮುಂದೂಡಲ್ಪಟ್ಟಿತು. ಹಾಗೆಂದು ಇಳಿಜಾರನ್ನು ಬಹಳ ನೀಳವಾಗಿ ಮಾಡಿದರೆ ಗೋಡೆಯ ಉಜ್ಜಾಟವೇ ಬೆಳೆದು ಒತ್ತಡದ ನಷ್ಟ ಮತ್ತೆ ಏರತೊಡಗುವುದು. ಎರಡರ ನಡುವೆ ಎಲ್ಲಿಯೋ ಒಂದು ಅನುಕೂಲವಾದ ಕೋನವಿರುತ್ತದೆ. ಪಾಲಿಮರಿನ ಜಾತಿಗೂ ವೇಗಕ್ಕೂ ತಕ್ಕಂತೆ ಅದು ಬದಲಾಗುವುದು. ಇಂಗ್ಲೆಂಡಿನ ಕಾಗ್ಸ್‌ವೆಲ್ 1972ರಲ್ಲಿ ಈ ನಷ್ಟವನ್ನು ಜಾರಿಕೆಯ ಪಾಲು, ಎಳೆತದ ಪಾಲು ಎಂದು ಒಡೆದು, ಪ್ರತಿಯೊಂದಕ್ಕೂ ಸರಳವಾದ ಸೂತ್ರವನ್ನು ಕೊಟ್ಟನು. ಅಂದಿನಿಂದ ಶತ್ರುವಿನಂತಿದ್ದ ಪ್ರವೇಶನಷ್ಟ ಸೇವಕನಾಯಿತು: ಬೇರೆ ಉಪಾಯದಿಂದ ಅಳೆಯಲು ಬಹಳ ಕಷ್ಟವಾದ ಎಳೆತದ ಸ್ನಿಗ್ಧತೆಯನ್ನು ಆ ನಷ್ಟದಿಂದಲೇ ಅಂದಾಜುಮಾಡುವ ರೂಢಿ ಬಂದಿತು. ಇಂದು ಅನೇಕ ಪ್ರಯೋಗಶಾಲೆಗಳಲ್ಲಿ ಎರಡು ನಳಿಗೆಗಳುಳ್ಳ ಯಂತ್ರಗಳಿವೆ. ಒಂದರಲ್ಲಿ ನೀಳವಾದ ನಳಿಗೆ, ಇನ್ನೊಂದರಲ್ಲಿ ಉದ್ದವೇ ಇಲ್ಲವೆನ್ನುವಷ್ಟು ತೆಳುವಾದ ರಂಧ್ರ. ಎರಡನೆಯದು ಬಾಗಿಲಿನ ಸುಂಕವನ್ನು ನೇರವಾಗಿ ತೋರಿಸುವುದರಿಂದ ರೇಖೆಯನ್ನು ಹಿಂದಕ್ಕೆ ಎಳೆಯುವ ಕೆಲಸವೇ ಉಳಿಯಿತು.

ಆದರೂ ಗಣಿತಜ್ಞರಿಗೆ ನಿಶ್ಚಿಂತೆಯಿಲ್ಲ. ಪಾಲಿಮರಿನ ಜಾರಿಕೆ, ಎಳೆತ, ನೆನಪು ಎಲ್ಲವನ್ನೂ ಸಮೀಕರಣಗಳಲ್ಲಿ ತುಂಬಿ, ಬಲಿಷ್ಠವಾದ ಗಣಕಯಂತ್ರಗಳಿಂದ ಈ ಹರಿವನ್ನು ಲೆಕ್ಕಹಾಕಿಸಿದಾಗ, ಮೆಲ್ಲನೆಯ ಹರಿವಿನಲ್ಲಿ ಉತ್ತರ ಅಳತೆಯೊಡನೆ ಕೂಡುವುದು. ವೇಗವಾದ ಹರಿವಿನಲ್ಲಿ ಮಾತ್ರ ಅನೇಕ ಲೆಕ್ಕಗಳು ಪ್ರಯೋಗದಲ್ಲಿ ಕಾಣುವುದಕ್ಕಿಂತ ಕಡಮೆ ನಷ್ಟವನ್ನೇ ಹೇಳಿವೆ. ಎಲ್ಲಿಯೋ ಒಂದಿಷ್ಟು ಒತ್ತಡ ಸಮೀಕರಣದ ಕಣ್ಣಿಗೆ ಬೀಳದೆ ಬಾಗಿಲಲ್ಲಿ ಇನ್ನೂ ಸೋರುತ್ತಿದೆ.